ಕೆಂಪು ಗಾಡಿಯ ನಾಡಿ

ಗ್ರಂಥಾಲಯದ ಕೌಂಟರಿನಲ್ಲಿ ಕೂರುವ ಮನುಷ್ಯ ಸ್ಪೋರ್ಟ್ಸ್ ಬೈಕು ಕೊಳ್ಳಕೂಡದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆಯುವ ಅಗತ್ಯವಿದೆಯೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೇ. ಹಾಗಾಗಿ ಗಪ್‌ಚಿಪ್ ಮಾಮ ಕೊಂಡೇಬಿಟ್ಟಾಗ ಅವನನ್ನು ತಡೆಯಲು ಕಾನೂನಿನ ಬಳಿ ಉಪಾಯವಿರಲಿಲ್ಲ. ಹೆಂಡತಿಯ ಬಳಿ ಇತ್ತು. ಆದರೆ ಅವಳು ನರ್ಸು. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಯಾರದೋ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು.

ಓದುವ ಕೋಣೆಯಲ್ಲಿ ತುಟಿಯ ಮೇಲೆ ಬೆರಳಿಟ್ಟು ಊರಿನವರ ಬಾಯಿ ಮುಚ್ಚಿಸಿ ಮುಚ್ಚಿಸಿ ಗಳಿಸಿದ ಬಿರುದು ‘ಗಪ್‌ಚಿಪ್’. ಬೀದಿಯ ಮಕ್ಕಳು ಅದಕ್ಕೆ ‘ಮಾಮ’ ಸೇರಿಸಿದರು. ಆಮೇಲೆ ಮಕ್ಕಳ ಅಪ್ಪಂದಿರೂ ಹಾಗೇ ಕರೆಯತೊಡಗಿದರು. ಮಾಮನ ಕಿವಿ ಅಂದರೆ ಕಿವಿ. ಹಿಂದಿನ ಸಾಲಿನಲ್ಲಿ ಯಾರು ಪುಟ ಮಗುಚಿದರು, ಯಾರು ಪುಟ ಹರಿದರು ಎಂಬುದನ್ನು ತಲೆ ಎತ್ತದೆ ಹೇಳುತ್ತಿದ್ದ. ಆ ಕಿವಿಗೇ ಒಂದು ದಿನ ಏಟು ಬಿತ್ತು. ಗಡ್ಡ ಬಿಟ್ಟ ತರುಣನೊಬ್ಬ ಕೌಂಟರಿಗೆ ಬಂದು, “ಅಜ್ಜಾ, ನಿಘಂಟು ಯಾವ ಕಪಾಟಲ್ಲಿದೆ?” ಎಂದು ಕೇಳಿದ.

ಮಾಮನಿಗೆ ನಿವೃತ್ತಿಗೆ ಇನ್ನೂ ಬೇಕಾದಷ್ಟು ವರ್ಷಗಳಿದ್ದವು. ತಲೆಗೂದಲು ಮಾತ್ರ ಅವಧಿಗೆ ಮುಂಚೆ ಸ್ವಯಂನಿವೃತ್ತಿ ಪಡೆದಿತ್ತು. ಅವನು ತರುಣನಿಗೆ ನಿಘಂಟಿನ ಬದಲು ಅಡುಗೆ ಪುಸ್ತಕ ಕೊಟ್ಟು ಕಳಿಸಿ, ಸಂಜೆಯವರೆಗೂ ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನು ಬೇರೆ ಬೇರೆ ಕೋನಗಳಿಂದ ಪರೀಕ್ಷಿಸಿದ. ಯಾವ ಕೋನವೂ ಸಹಕರಿಸಲಿಲ್ಲ.

ಮನೆಗೆ ಬಂದರೆ, ಮೇಲಿನ ಮಹಡಿಯ ಜಿಮ್ ಮಾಸ್ಟರು ತನ್ನ ಕೆಂಪು ಬೈಕಿನ ಪಕ್ಕ ಸೊಂಟ ಹಿಡಿದುಕೊಂಡು ನಿಂತಿದ್ದ. ದಿನಾ ಕಬ್ಬಿಣದ ಗುಂಡು ಎತ್ತುವ ಬೆನ್ನು, ಅವತ್ತು ಒಂದು ಬಕೆಟ್ ನೀರು ಎತ್ತುವಾಗ ಹಿಡಿದುಕೊಂಡಿತ್ತು. ಇನ್ನು ಬಗ್ಗಿ ಕೂತು ಗಾಡಿ ಓಡಿಸಕೂಡದು ಎಂದು ವೈದ್ಯರು ಹೇಳಿದ್ದರಂತೆ.

“ಹುಲಿ ಸಾರ್ ಇದು. ಯಾರಿಗೆ ಕೊಡಲಿ ಅಂತ ನೋಡ್ತಿದೀನಿ,” ಎಂದ ಜಿಮ್ ಮಾಸ್ಟರು.

“ನನಗೆ ಕೊಡಿ,” ಎಂದ ಮಾಮ. ಹೇಳಿದವರು ಯಾರು ಎಂದು ತಾನೇ ಒಮ್ಮೆ ಹಿಂತಿರುಗಿ ನೋಡಿದ.

ಮರುದಿನ ಬೆಳಗ್ಗೆ ಕಟ್ಟಡದ ಅಂಗಳದಲ್ಲಿ ಪ್ರಥಮ ಸವಾರಿ. ಸ್ಪೋರ್ಟ್ಸ್ ಬೈಕಿನ ಮೇಲೆ ಮನುಷ್ಯ ಕೂರುವುದಿಲ್ಲ. ಮಂಚದಡಿ ಬಿದ್ದ ಚಪ್ಪಲಿ ಹುಡುಕುವವನ ಹಾಗೆ ಅದರ ಮೇಲೆ ಬೋರಲಾಗುತ್ತಾನೆ. ಮಾಮ ಹಾಗೆ ಬೋರಲಾಗಿ ಒಂದು ಸುತ್ತು ಹೊಡೆದು ನಿಲ್ಲಿಸಿದಾಗ ಬಾಲ್ಕನಿಗಳೆಲ್ಲ ತುಂಬಿದ್ದವು. ಎಂಜಿನ್ ಗುರುಗುಟ್ಟುತ್ತಿತ್ತು. ಅದರ ನಡುವೆ ಮತ್ತೊಂದು ಸದ್ದು ಇತ್ತು: ಟಿಕ್, ಟಿಕ್, ಟಿಕ್, ಟಿಕ್.

ಮಾಮನ ಕಿವಿಗೆ ಅದು ಸವಾರಿ ಶುರುವಾದಾಗಲೇ ಬಿದ್ದಿತ್ತು. ಬೇರೆಯವರಿಗೆ ಕೇಳಿಸದಿರಲಿ ಎಂದುಕೊಳ್ಳುವಷ್ಟರಲ್ಲಿ ಭಾವಮೈದ ಮುಂದೆ ಬಂದ. ಹೆಂಡತಿಯ ತಮ್ಮನಾದ ಈತ ಎದುರು ಮನೆಯಲ್ಲೇ ಇದ್ದ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಬಂದದ್ದು ಹೋದದ್ದು ಕೂಗಿ ಹೇಳುವುದು ಅವನ ಉದ್ಯೋಗ. ಕೆಲಸ ಮುಗಿದ ಮೇಲೂ ಮೈಕು ಗಂಟಲಿನಲ್ಲೇ ಉಳಿದಿರುತ್ತಿತ್ತು.

“ಭಾವ, ಏನದು ಟಿಕ್ ಟಿಕ್ ಅಂತಿದೆ?” ಎಂದು ಅವನು ಮೂರು ಬೀದಿಗೆ ಕೇಳುವಂತೆ ವಿಚಾರಿಸಿದ.

ಬಾಲ್ಕನಿಗಳೆಲ್ಲ ಮುಂದಕ್ಕೆ ಬಾಗಿದವು. ಬಾಲ್ಕನಿಯಲ್ಲಿ ಹೆಂಡತಿಯೂ ಇದ್ದಳು. ಹಳೇ ಗಾಡಿಗೆ ಟೋಪಿ ಹಾಕಿಸಿಕೊಂಡ ಎನ್ನಿಸಿಕೊಳ್ಳುವುದೋ, ಬೇರೆ ಏನಾದರೂ ಹೇಳುವುದೋ ಎಂದು ಯೋಚಿಸಲು ಮಾಮನಿಗೆ ಸಮಯವಿರಲಿಲ್ಲ.

“ಅದು ಇರಲೇಬೇಕು,” ಎಂದ ಗಂಭೀರವಾಗಿ. “ಸ್ಪೋರ್ಟ್ಸ್ ಎಂಜಿನ್ನಿನ ನಾಡಿ ಅದು. ಸಾಧಾರಣ ಗಾಡಿಗೆ ಬರಲ್ಲ.”

ಭಾವಮೈದನ ಮುಖದಲ್ಲಿ ಭಕ್ತಿ ಮೂಡಿತು. ನೆಲಮಹಡಿಯಲ್ಲಿ ಹೋಮಿಯೋಪತಿಯ ಸಕ್ಕರೆಗುಳಿಗೆ ಕೊಡುವ ಡಾಕ್ಟರು, “ನಾಡಿ ಅಂದ್ರೆ ಸರಿ. ಮನುಷ್ಯನಿಗಾಗಲಿ ಯಂತ್ರಕ್ಕಾಗಲಿ ಎಲ್ಲಾ ನಾಡಿಯಲ್ಲೇ ಇರೋದು,” ಎಂದು ತಲೆದೂಗಿದರು. ಹೆಂಡತಿ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಇಲ್ಲಿಗೆ ಮುಗಿದಿದ್ದರೆ ಒಂದು ಸಣ್ಣ ಸುಳ್ಳು ತನ್ನ ಪಾಡಿಗೆ ತಾನು ಸಾಯುತ್ತಿತ್ತು. ಆದರೆ ಭಾವಮೈದನಿಗೂ ಒಂದು ಬೈಕಿತ್ತು. ಹಾಲಿನವರೂ ಅಂಚೆಯವರೂ ಓಡಿಸುವಂಥ ಸಾಧು ಬೈಕು. ಅದು ಟಿಕ್ ಎನ್ನುತ್ತಿರಲಿಲ್ಲ. ಅವನು ಅಂಗಳದಲ್ಲಿ ಅದನ್ನು ಸ್ಟಾರ್ಟ್ ಮಾಡಿ, ಕಿವಿಗೊಟ್ಟು, ಮನಸ್ಸು ಮುರಿದುಕೊಂಡು, ನೇರ ಮೂಲೆಯ ಗ್ಯಾರೇಜಿಗೆ ಹೋದ.

“ಇದಕ್ಕೆ ನಾಡಿ ಹಾಕಿಕೊಡಿ.”

ಮೆಕ್ಯಾನಿಕ್ ಕೈ ಒರೆಸಿಕೊಂಡ. “ಏನು ಹಾಕಬೇಕು?”

“ಟಿಕ್ ಟಿಕ್. ನಮ್ಮ ಭಾವನ ಗಾಡಿಯಲ್ಲಿದೆ. ಅದೇ ಥರ ಬೇಕು. ತೀರಾ ಜೋರು ಬೇಡ, ಮನೆಯಲ್ಲಿ ವಯಸ್ಸಾದವರಿದ್ದಾರೆ.”

“ಸಾರ್, ಸದ್ದು ತೆಗೀರಿ ಅಂತ ಬರ್ತಾರೆ. ಹಾಕಿ ಅಂತ ಬಂದೋರು ನೀವೇ ಮೊದಲು.”

“ಎಲ್ಲದಕ್ಕೂ ಒಬ್ಬ ಮೊದಲು ಇರ್ತಾನೆ,” ಎಂದು ಭಾವಮೈದ ಸ್ಟೂಲಿನ ಮೇಲೆ ಕೂತುಬಿಟ್ಟ. ಕೂತವನು ಸುಮ್ಮನೆ ಕೂರಲಿಲ್ಲ. ಗ್ಯಾರೇಜಿಗೆ ಬಂದ ಪ್ರತಿ ಗಿರಾಕಿಗೂ ನಾಡಿಯ ಮಹಿಮೆ ವಿವರಿಸತೊಡಗಿದ. ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ಕಿನ ತಲೆ ಚಿಟ್ಟು ಹಿಡಿದು, ಇವನು ತೊಲಗಿದರೆ ಸಾಕೆಂದು ಎಂಜಿನ್ನಿನ ಮೇಲ್ಗಡೆ ವಾಲ್ವಿನ ತಿರುಪನ್ನು ಒಂಚೂರು ಸಡಿಲ ಮಾಡಿದ. ಸಾಧು ಬೈಕು ಹುಟ್ಟಿದ ಮೇಲೆ ಮೊದಲ ಬಾರಿಗೆ ಟಿಕ್ ಎಂದಿತು. ಭಾವಮೈದನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಬೆಂಕಿಗೆ ಗಾಳಿ ಸಿಕ್ಕ ಹಾಗಾಯಿತು. ಗುಳಿಗೆ ಡಾಕ್ಟರು ತಮ್ಮ ಸ್ಕೂಟರಿಗೂ ನಾಡಿ ಹಾಕಿಸಿದರು. ಅವರನ್ನು ನೋಡಿ ಅವರ ರೋಗಿಗಳು ಹಾಕಿಸಿದರು. ಟಿಕ್ ಎನ್ನದ ಗಾಡಿಯವರು ಸಿಗ್ನಲ್ಲಿನಲ್ಲಿ ಮುಖ ಆ ಕಡೆ ತಿರುಗಿಸಿಕೊಂಡು ನಿಲ್ಲತೊಡಗಿದರು. ಬೆಳಗಾದರೆ ನಮ್ಮ ಬೀದಿಯಲ್ಲಿ ಗಡಿಯಾರದಂಗಡಿಯ ಬಾಗಿಲು ತೆರೆದ ಹಾಗಿರುತ್ತಿತ್ತು. ಮಾಮ ಹೊರಗೆ ಬಂದರೆ ಜನ ಎದ್ದು ನಿಂತು, “ನಮ್ಮದು ಒಂಚೂರು ಕೇಳಿ ಮಾಮ, ನಾಡಿ ಸರಿಯಾಗಿದೆಯಾ?” ಎನ್ನುತ್ತಿದ್ದರು. ಅವನು ಕೇಳಿ, “ಪರವಾಗಿಲ್ಲ, ಪಳಗಬೇಕು,” ಎನ್ನುತ್ತಿದ್ದ. ಅವನನ್ನು ಯಾರೂ ಅಜ್ಜ ಎನ್ನಲಿಲ್ಲ. ಸುಖವಾಗಿತ್ತು. ಗೊತ್ತಿಲ್ಲದ ವಿಷಯದಲ್ಲಿ ಪಂಡಿತನಾಗಿರುವುದಕ್ಕಿಂತ ಸುಖ ಭೂಮಿಯ ಮೇಲೆ ಬೇರೊಂದಿಲ್ಲ, ಗೊತ್ತಿರುವವನು ಬಂದು ಬಾಗಿಲು ತಟ್ಟುವ ತನಕ.

ಗೊತ್ತಿರುವವನು ಬಂದದ್ದು ಗ್ರಂಥಾಲಯಕ್ಕೆ. ಮೆಕ್ಯಾನಿಕ್ ಕೌಂಟರಿನ ಮುಂದೆ ನಿಂತು ಕೂಗಾಡಬೇಕೆಂದೇ ಬಾಯಿ ತೆರೆದ. ಅಭ್ಯಾಸಬಲದಿಂದ ಮಾಮನ ಬೆರಳು ತುಟಿಗೆ ಹೋಯಿತು. ಹಾಗಾಗಿ ಅಷ್ಟೂ ಜಗಳ ಪಿಸುಮಾತಿನಲ್ಲಿ ನಡೆಯಿತು.

“ಏನು ಮಾಡಿಟ್ಟಿದೀರ ಗೊತ್ತಾ?” ಎಂದು ಮೆಕ್ಯಾನಿಕ್ ಹಲ್ಲು ಕಡಿಯುತ್ತಾ ಪಿಸುಗುಟ್ಟಿದ. “ಬೀದಿ ಗಾಡಿಗಳಿಗೆಲ್ಲ ನನ್ನ ಕೈಯಾರೆ ರೋಗ ಅಂಟಿಸಿದೀನಿ. ಹೀಗೇ ಓಡಿಸಿದ್ರೆ ಒಳಗೆ ಸವೆದು ಹೋಗುತ್ತೆ. ಬೇಡ ಅಂದ್ರೆ ಕೇಳಲ್ಲ. ‘ನಿನಗಿಂತ ಮಾಮನಿಗೆ ಗೊತ್ತು’ ಅಂತಾರೆ.”

“ಸ್ವಲ್ಪ ಮೆಲ್ಲಗೆ,” ಎಂದು ಮಾಮ ಪಿಸುಗುಟ್ಟಿದ.

“ಇದಕ್ಕಿಂತ ಮೆಲ್ಲಗೆ ಸಿಟ್ಟು ಮಾಡಕ್ಕೆ ನನಗೆ ಬರಲ್ಲ ಸಾರ್. ಎಲ್ಲಿ ನಿಮ್ಮ ಗಾಡಿ?”

ಇಬ್ಬರೂ ಹೊರಗೆ ಹೋದರು. ಗಾಡಿ ಸ್ಟಾರ್ಟ್ ಆಯಿತು. ಮೆಕ್ಯಾನಿಕ್ ತಲೆ ಓರೆ ಮಾಡಿ ಕೇಳಿದ. ಅವನ ಮುಖ, ಸಾವಿನ ಮನೆಗೆ ಬಂದವನ ಮುಖದಂತೆ ಸಡಿಲವಾಯಿತು.

“ಇದು ನಾಡಿ ಅಲ್ಲ ಸಾರ್. ಕೆಮ್ಮು. ವಾಲ್ವ್ ಇರಬಹುದು, ಒಳಗಿನ ಚೈನ್ ಇರಬಹುದು, ಬೇರಿಂಗೇ ಇರಬಹುದು. ಎಂಜಿನ್ ಬಿಚ್ಚದೆ ಹೇಳಕ್ಕಾಗಲ್ಲ. ಬಿಚ್ಚಿದ ಮೇಲೆ ಹೇಳಿದ್ರೂ ನಿಮಗೆ ಕೇಳಕ್ಕಾಗಲ್ಲ.”

ಅಂದು ಊಟದ ಬಿಡುವಿನಲ್ಲಿ ಮಾಮ ಯಂತ್ರಶಾಸ್ತ್ರದ ಕಪಾಟಿನ ಮುಂದೆ ನೆಲದ ಮೇಲೆ ಕೂತು, ಅಲ್ಲಿದ್ದ ಪುಸ್ತಕಗಳನ್ನು ಒಂದಾದ ಮೇಲೊಂದು ಬಿಡಿಸಿದ. ಓದಿ ಮುಗಿಸುವ ಹೊತ್ತಿಗೆ ಗಾಡಿಗೆ ಇಲ್ಲದ ಕಾಯಿಲೆ ಒಂದೂ ಉಳಿದಿರಲಿಲ್ಲ.

ಇಷ್ಟರಲ್ಲಿ ಸಾರಿಗೆ ಕಚೇರಿಯಿಂದ ಕರೆ ಬಂತು. ಗಾಡಿ ಮಾಮನ ಹೆಸರಿಗೆ ಬರಬೇಕಾದರೆ ಅಲ್ಲಿನ ತಪಾಸಣಾಧಿಕಾರಿ ಒಮ್ಮೆ ನೋಡಿ ಒಪ್ಪಬೇಕು. ಮಾಮ ಗುಟ್ಟಾಗಿ ಹೋಗಿ ಬರುವವನಿದ್ದ. ಭಾವಮೈದ ರಜೆ ಹಾಕಿ, ತನ್ನ ಟಿಕ್‌ಟಿಕ್ ಬೈಕಿನಲ್ಲಿ ಬೆಂಗಾವಲಿಗೆ ಬಂದ.

ಅಧಿಕಾರಿ ದಿನವಿಡೀ ಹಾರ್ನು ಕೇಳಿ ಕೇಳಿ ಮುಖಕ್ಕೆ ಶಾಶ್ವತವಾಗಿ ಬ್ರೇಕು ಹಾಕಿಕೊಂಡಂಥ ಮನುಷ್ಯ. ಸರದಿ ಬರುವಷ್ಟರಲ್ಲಿ ತಣ್ಣಗಾಗಿದ್ದ ಕೆಂಪು ಗಾಡಿಯ ದೀಪ ನೋಡಿದರು, ಟೈರು ನೋಡಿದರು, ಸ್ಟಾರ್ಟ್ ಮಾಡಿಸಿದರು.

“ಏನಿದು ಟಿಕ್ ಟಿಕ್?”

ಮಾಮ ಬಾಯಿ ತೆರೆಯುವುದರೊಳಗೆ ಭಾವಮೈದ ಹೇಳಿದ, “ಅದು ನಾಡಿ ಸಾರ್.”

“ಯಾರ ನಾಡಿ?”

“ಎಂಜಿನ್ದು ಸಾರ್. ಒಳ್ಳೇ ಗಾಡಿಗೆ ಇರಲೇಬೇಕು. ನನ್ನ ಗಾಡಿಗೂ ಇದೆ. ಬೇಕಾದ್ರೆ ತೋರಿಸ್ತೀನಿ.”

“ತೋರಿಸಿ.”

ತೋರಿಸಿದ. ಹೆಮ್ಮೆಯಿಂದ ಒಂದೆರಡು ಸಲ ಹೆಚ್ಚಿಗೆಯೇ ತೋರಿಸಿದ. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು.

“ಇದನ್ನೂ ಕರ್ಕೊಂಡು ಬನ್ನಿ, ಮುಂದಿನ ವಾರ. ಎರಡರ ನಾಡಿನೂ ನಿಂತಿರಬೇಕು. ಇಲ್ಲಾಂದ್ರೆ ಎರಡೂ ಇಲ್ಲೇ ಅಂಗಳದಲ್ಲಿ ಮಲಗ್ತವೆ.”

ಆ ಅಂಗಳದಲ್ಲಿ ಮಲಗಿದ್ದ ಗಾಡಿಗಳ ಮೇಲೆ ಬಳ್ಳಿ ಹಬ್ಬಿತ್ತು. ಒಂದರ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು.

ಹೊರಗೆ ಬಂದ ಮೇಲೆ ಭಾವಮೈದ, “ಆ ಮನುಷ್ಯನಿಗೆ ಏನೂ ಗೊತ್ತಿಲ್ಲ ಭಾವ. ಮುಂದಿನ ವಾರ ನೀವು ಬಿಡಿಸಿ ಹೇಳಿ. ನಾವೆಲ್ಲಾ ಬರ್ತೀವಿ, ಇಡೀ ಬಿಲ್ಡಿಂಗು,” ಎಂದು ಧೈರ್ಯ ತುಂಬಿದ. ಅಷ್ಟು ಧೈರ್ಯ ತುಂಬಿಸಿಕೊಂಡ ಮೇಲೆ ಮಾಮನಿಗೆ ಮನೆಯ ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ.

ಗಂಡ ತಟ್ಟೆಯ ಮುಂದೆ ಕೈಕಟ್ಟಿ ಕೂತದ್ದನ್ನು ಹೆಂಡತಿ ನೋಡಿದಳು.

“ಸದ್ದು ಯಾವಾಗ ಬರುತ್ತೆ?” ಎಂದು ಕೇಳಿದಳು.

“ಯಾವಾಗ್ಲೂ.”

“ಯಾವಾಗ್ಲೂ ಅನ್ನೋ ಪೇಷೆಂಟು ಗಮನಿಸಿಲ್ಲ ಅಂತ ಅರ್ಥ. ಎದ್ದ ತಕ್ಷಣ ಜಾಸ್ತಿನಾ, ಓಡಾಡಿದ ಮೇಲಾ? ಕೂತಾಗಲೂ ಇರುತ್ತಾ, ನಡೆದಾಗ ಮಾತ್ರನಾ? ಎಲ್ಲಿ, ಎಡಕ್ಕಾ, ಬಲಕ್ಕಾ?”

ಮಾಮ ತಲೆ ಕೆರೆದುಕೊಂಡ. ಎಷ್ಟು ದಿನದಿಂದ ಆ ಸದ್ದಿನ ಬಗ್ಗೆ ಮಾತಾಡಿದ್ದ. ಅದನ್ನು ಕೇಳಿಸಿಕೊಂಡದ್ದು ಮಾತ್ರ ಇಲ್ಲ. ಬೀದಿಯ ಗಾಡಿಗಳ ನಾಡಿ ಹಿಡಿಯುವ ಭರಾಟೆಯಲ್ಲಿ ತನ್ನ ಗಾಡಿಗೆ ಕಿವಿಗೊಡಲು ಪುರುಸೊತ್ತಾಗಿರಲಿಲ್ಲ.

“ನನಗೆ ಭಯ ಆಗಿತ್ತು ಕಣೆ,” ಎಂದ. “ಕೇಳಿಸ್ಕೊಂಡ್ರೆ ನಿಜ ಆಗಿಬಿಡುತ್ತೆ ಅಂತ.”

“ವಾರ್ಡಲ್ಲಿ ಎಲ್ಲರೂ ಹೀಗೇ ಹೇಳೋದು. ಊಟ ಮಾಡಿ,” ಎಂದಳು ಹೆಂಡತಿ.

ರಜೆಯ ದಿನ ಬೆಳಗ್ಗೆ ಮಾಮ ಅಂಗಳಕ್ಕೆ ಇಳಿದ. ಮೊದಲು ಎಂಜಿನ್ ಹಾಕದೆ ಗಾಡಿಯನ್ನು ತಳ್ಳಿದ. ಟಿಕ್ ಎಂದಿತು. ಇನ್ನೊಂದಿಷ್ಟು ತಳ್ಳಿದ. ಮತ್ತೆ ಟಿಕ್. ಎಂಜಿನ್ ನಿದ್ದೆಯಲ್ಲಿದ್ದಾಗಲೂ ಸದ್ದು ಬರುತ್ತಿದೆಯೆಂದರೆ ರೋಗ ಎಂಜಿನ್ನಿನದಲ್ಲ. ಅವನು ನೆಲಕ್ಕೆ ಮಂಡಿಯೂರಿ ಹಿಂದಿನ ಟೈರನ್ನು ಅಂಗುಲ ಅಂಗುಲವಾಗಿ ಸವರಿದ. ಸಿಕ್ಕಿತು: ನೋಟೀಸು ಬೋರ್ಡಿಗೆ ಚುಚ್ಚುವ ಒಂದು ಹಿತ್ತಾಳೆ ಪಿನ್ನು.

ಮಾಮ ಅದನ್ನು ಕಿತ್ತು ಬೆರಳ ತುದಿಯಲ್ಲಿ ಹಿಡಿದು ಸೂರ್ಯನಿಗೆ ತೋರಿಸಿದ. ಇಷ್ಟು ಸುಲಭ ಎಂದುಕೊಂಡ. ಬಾಲ್ಕನಿಯತ್ತ ನೋಡಿ ಹೆಂಡತಿಗೆ ಕೈ ಬೀಸಿದ. ಜಗತ್ತನ್ನು ಕ್ಷಮಿಸಿದವನ ಮುಖ ಮಾಡಿಕೊಂಡು ಗಾಡಿ ಸ್ಟಾರ್ಟ್ ಮಾಡಿದ.

ಟಿಕ್, ಟಿಕ್, ಟಿಕ್, ಟಿಕ್.

ಅವನು ಪಿನ್ನನ್ನು ಜೇಬಿಗೆ ಹಾಕಿಕೊಂಡ. ಮೊದಲೇ ಒಂದು ಸದ್ದಿತ್ತು, ಅದರ ಜೊತೆಗೆ ಇನ್ನೊಂದು ಸದ್ದು ಬಾಡಿಗೆಗೆ ಬಂದಿತ್ತು; ಬಾಡಿಗೆಯವನು ಹೋದ, ಮನೆಯವನು ಉಳಿದ. ಆದರೆ ಒಂದು ಲಾಭವಾಗಿತ್ತು. ಸದ್ದನ್ನು ಬೇರೆ ಮಾಡಿ ಕೇಳಬಹುದು ಎಂದು ಮಾಮನಿಗೆ ಮನವರಿಕೆಯಾಗಿತ್ತು. ಅವನು ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಮನೆಯೊಳಗಿನಿಂದ ತಿರುಪುಳಿ ತಂದು ಗಾಡಿಯ ಮೈಗೆ ಹೊದಿಸಿದ್ದ ಕೆಂಪು ಪ್ಲಾಸ್ಟಿಕ್ಕನ್ನೆಲ್ಲ ಬಿಚ್ಚಿದ. ಅಷ್ಟೂ ಬಿಚ್ಚಿದ ಮೇಲೆ ಹುಲಿ, ಪುಕ್ಕ ತರಿದ ಕೋಳಿಯ ಹಾಗೆ ಕಾಣಿಸಿತು. ಹೆಂಡತಿ ಮೆಟ್ಟಿಲಿಳಿದು ಬಂದು ತನ್ನ ಹಳೆಯ ಸ್ಟೆತಸ್ಕೋಪು ಅವನ ಕೊರಳಿಗೆ ಹಾಕಿ, “ಮೇಲಿಂದ ಕೆಳಗೆ ಬನ್ನಿ. ಅವಸರ ಬೇಡ,” ಎಂದು ಹೇಳಿ ಹೋದಳು.

ಈ ದೃಶ್ಯವನ್ನು ಗುಳಿಗೆ ಡಾಕ್ಟರು ಕಿಟಕಿಯಿಂದ ನೋಡಿದರು. ಮಾಮ ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಎಂಜಿನ್ನಿನ ಎದೆಯ ಮೇಲೆ ಬಿಲ್ಲೆ ಇಟ್ಟದ್ದನ್ನು ಕಂಡು ಅವರ ಮೈ ಜುಂ ಎಂದಿತು. ಚಪ್ಪಲಿಯನ್ನೂ ಮೆಟ್ಟದೆ ಮನೆಮನೆಗೆ ಓಡಿದರು.

“ಮಾಮ ನಾಡಿ ನೋಡ್ತಿದ್ದಾರೆ. ಯಾರೂ ಸದ್ದು ಮಾಡಬೇಡಿ.”

ನೀರಿನ ಪಂಪು ನಿಂತಿತು. ಮಿಕ್ಸಿಗಳು ನಿಂತವು. ಜಿಮ್ ಮಾಸ್ಟರು ಹಾಡು ನಿಲ್ಲಿಸಿದ. ಅಳುತ್ತಿದ್ದ ಒಂದು ಮಗುವಿಗೆ ಬಿಸ್ಕತ್ತು ಸಿಕ್ಕಿತು. ಭಾವಮೈದ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡು ಗೇಟಿನ ಬಳಿ ನಿಂತು ಬೀದಿಯ ವ್ಯಾಪಾರಿಗಳನ್ನು ಸನ್ನೆಯಿಂದ ವಾಪಸು ಕಳಿಸಿದ. ಆ ಕಟ್ಟಡ ಕಟ್ಟಿದಾಗಿನಿಂದ ಅಂಥ ನಿಶ್ಶಬ್ದ ಅಲ್ಲಿ ಇಳಿದಿರಲಿಲ್ಲ. ಎಲ್ಲರೂ ಬಾಲ್ಕನಿಯಲ್ಲಿ ಉಸಿರು ಹಿಡಿದು ನಿಂತರು. ಅಷ್ಟು ಮರ್ಯಾದೆ ಕೊಟ್ಟದ್ದು ಪೂರ್ತಿ ತಪ್ಪು ತಿಳಿವಳಿಕೆಯಿಂದ ಎಂಬುದು ಬೇರೆ ಮಾತು. ಮಾಮನಿಗೆ ಬೇಕಾಗಿದ್ದದ್ದು ಅದೇ ನಿಶ್ಶಬ್ದ.

ಅವನು ಗಾಡಿ ಸ್ಟಾರ್ಟ್ ಮಾಡಿ ಕಣ್ಣು ಮುಚ್ಚಿದ. ಓದುವ ಕೋಣೆಯಲ್ಲಿ ಕೂತಂತೆ ಕೂತ. ಎಂಜಿನ್ನಿನ ತಲೆಯ ಮೇಲೆ ಬಿಲ್ಲೆ ಇಟ್ಟ: ಅಲ್ಲಿ ಹೊಲಿಗೆ ಯಂತ್ರದಂಥ ನಯವಾದ ಸದ್ದು, ನಿಯತ್ತಿನ ಕೆಲಸಗಾರನದು. ಅದು ಅಲ್ಲ. ಬಲಕ್ಕೆ ಇಟ್ಟ: ಚೈನು ತನ್ನ ಪಾಡಿಗೆ ಸರಬರ ಹರಿಯುತ್ತಿತ್ತು. ಅದೂ ಅಲ್ಲ. ಹೊಟ್ಟೆಯ ಬಳಿ ಇಟ್ಟ: ಗುಡುಗುಡು ಮಾತ್ರ. ಅಷ್ಟರಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಸದ್ದು ಮೊದಲಿನಷ್ಟು ಜೋರಿರಲಿಲ್ಲ. ಎಂಜಿನ್ ಬಿಸಿಯೇರುತ್ತಾ ಹೋದಂತೆ ಟಿಕ್ ಎನ್ನುವುದು ಟಿಪ್ ಎಂದಾಯಿತು, ಟಿಪ್ ಎನ್ನುವುದು ಪಿಸುಮಾತಾಯಿತು, ಆಮೇಲೆ ಇಲ್ಲವೇ ಇಲ್ಲ.

ಎದ್ದ ತಕ್ಷಣ ಜಾಸ್ತಿ. ಓಡಾಡಿದ ಮೇಲೆ ಕಮ್ಮಿ.

ಮಾಮ ಗಾಡಿ ಆರಿಸಿ, ಅದು ಪೂರ್ತಿ ತಣ್ಣಗಾಗುವ ತನಕ ಅಂಗಳದಲ್ಲೇ ಕೂತ. ಬಾಲ್ಕನಿಯವರೂ ಕೂತರು. ಮತ್ತೆ ಸ್ಟಾರ್ಟ್ ಮಾಡಿ ಈ ಸಲ ನೇರ ಮುಂಭಾಗಕ್ಕೆ, ಎಂಜಿನ್ನಿನಿಂದ ಹೊಗೆಯ ಕೊಳವೆಗಳು ಹೊರಡುವ ಜಾಗಕ್ಕೆ ಕೈ ತಂದ. ಮುಟ್ಟಬೇಕಾಗಿಯೇ ಇರಲಿಲ್ಲ. ಎಡತುದಿಯ ಕೊಳವೆಯ ಬುಡದಿಂದ ಅಂಗೈಗೆ ಪುಸು, ಪುಸು, ಪುಸು ಎಂದು ಬಿಸಿ ಉಸಿರು ಬಡಿಯಿತು. ಒಂದೊಂದು ಪುಸುವಿಗೂ ಒಂದೊಂದು ಟಿಕ್. ಬಗ್ಗಿ ನೋಡಿದರೆ ಅಲ್ಲಿ ಕಾಡಿಗೆ ತೀಡಿದ ಹಾಗೆ ಮಸಿ. ಒಂದು ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಸಂದಿನಿಂದ ಹೊಗೆ ಸೋರುವಾಗ ಟಿಕ್ ಎನ್ನುತ್ತಿತ್ತು. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ತಾನಾಗಿ ಮುಚ್ಚಿಕೊಂಡು ಸುಮ್ಮನಾಗುತ್ತಿತ್ತು. ವಾಲ್ವೂ ಅಲ್ಲ, ಚೈನೂ ಅಲ್ಲ, ಬೇರಿಂಗೂ ಅಲ್ಲ. ಹುಲಿಯ ಎದೆ ಗಟ್ಟಿಯಾಗಿತ್ತು. ಅದಕ್ಕೆ ಬಾಯಿ ಮುಚ್ಚಲು ಬರುತ್ತಿರಲಿಲ್ಲ, ಅಷ್ಟೇ. ಬಾಯಿ ಮುಚ್ಚಿಸುವುದರಲ್ಲಿ ಈ ಊರಿನಲ್ಲಿ ಮಾಮನನ್ನು ಮೀರಿಸಿದವರಿಲ್ಲ.

ಅಂಗಡಿಯಿಂದ ಒಂದು ಹೊಸ ತಾಮ್ರದ ಉಂಗುರ ಬಂತು. ಮಾಮ ಅದನ್ನು ಸಂದಿಗೆ ಕೂರಿಸಿ, ನಟ್ಟು ಬಿಗಿದ. ಬಿಗಿಯುವಾಗ ಕೈಗಂಟು ತರಚಿತು, ಅಂಗಿಗೆ ಮಸಿಯಾಯಿತು, ಪ್ಲಾಸ್ಟಿಕ್ ವಾಪಸು ಜೋಡಿಸಿದ ಮೇಲೆ ಒಂದು ತಿರುಪು ಮಿಕ್ಕಿತು. ಮಿಕ್ಕಿದ ತಿರುಪಿನ ಬಗ್ಗೆ ಚರಿತ್ರೆ ಮೌನವಾಗಿದೆ.

ಮರುವಾರ ಸಾರಿಗೆ ಕಚೇರಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು ಬಂದಿದ್ದರು, ರೋಗಿಗಳು ಬಂದಿದ್ದರು, ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಜಿಮ್ ಮಾಸ್ಟರು ಬಂದಿದ್ದ, ಮೂಲೆಯ ಮೆಕ್ಯಾನಿಕ್ ಬಂದು ಹಿಂದೆ ನಿಂತಿದ್ದ. ಮಾಮ ಗಾಡಿಯನ್ನು ಬೆಳಗಿನಿಂದ ಸ್ಟಾರ್ಟ್ ಮಾಡದೆ, ತಣ್ಣಗಿರುವಾಗಲೇ ತಳ್ಳಿಕೊಂಡು ಬಂದಿದ್ದ. ಬೆವರಿನಲ್ಲಿ ತೊಯ್ದಿದ್ದರೂ ಮುಖ ಶಾಂತವಾಗಿತ್ತು. ಡ್ಯೂಟಿಗೆ ಹೊರಟಿದ್ದ ಹೆಂಡತಿ ನರ್ಸಿನ ಬಿಳಿ ಉಡುಪಿನಲ್ಲೇ ಗೇಟಿನ ಬಳಿ ನಿಂತಿದ್ದಳು.

“ಹೂಂ,” ಎಂದರು ಅಧಿಕಾರಿ.

ಮಾಮ ಗುಂಡಿ ಒತ್ತಿದ. ಎಂಜಿನ್ ಗುರುಗುಟ್ಟಿತು. ಅಧಿಕಾರಿ ಕಾದರು. ಎಡಕ್ಕೆ ಬಂದರು, ಬಲಕ್ಕೆ ಬಂದರು, ಕೊನೆಗೆ ಇಸ್ತ್ರಿ ಮಾಡಿದ ಪ್ಯಾಂಟನ್ನು ಲೆಕ್ಕಿಸದೆ ನೆಲಕ್ಕೆ ಮಂಡಿಯೂರಿ ಕಿವಿ ಕೊಟ್ಟರು. ಗುರುಗುಟ್ಟುವುದೊಂದೇ.

ಜನರ ನಡುವಿನಿಂದ ಭಾವಮೈದನ ಧ್ವನಿ ಕೇಳಿಸಿತು. ಆ ಧ್ವನಿಯಲ್ಲಿ ನಿಜವಾದ ದುಃಖವಿತ್ತು. “ಭಾವ, ನಾಡಿ ನಿಂತುಹೋಗಿದೆ.”

ಮಾಮ ಗಾಡಿಯಿಂದ ಇಳಿದ. ಇಡೀ ಬೀದಿ ಅವನ ಮುಖವನ್ನೇ ನೋಡುತ್ತಿತ್ತು. ಇನ್ನೊಂದು ಸುಳ್ಳು ಹೇಳಿದರೆ ನಂಬಲು ಅವರು ಸಿದ್ಧವಾಗಿಯೇ ಇದ್ದರು. ಅದನ್ನೇ ಅವನಿಂದ ತಡೆಯಲಾಗಲಿಲ್ಲ.

“ನಾಡಿ ಅಂತ ಒಂದು ಇಲ್ಲವೇ ಇಲ್ಲ. ಅವತ್ತು ಮಾನ ಉಳಿಸ್ಕೊಳ್ಳಕ್ಕೆ ಬಾಯಿಗೆ ಬಂದದ್ದು ಹೇಳಿದೆ. ನನ್ನ ಗಾಡಿಯದು ಹೊಗೆ ಸೋರುತ್ತಿದ್ದ ಸದ್ದು. ನಿಮ್ಮ ಗಾಡಿಗಳನ್ನ ಹಾಳು ಮಾಡ್ಕೊಂಡಿದೀರ. ದಯವಿಟ್ಟು ಸರಿ ಮಾಡಿಸ್ಕೊಳ್ಳಿ,” ಎಂದ.

ಡಾಕ್ಟರು ಪಕ್ಕದವರಿಗೆ ಹೇಳಿದರು, “ನೋಡಿ, ವಿದ್ಯೆ ಇದ್ದವರಿಗೆ ಎಷ್ಟು ವಿನಯ ಅಂತ.”

“ವಿನಯ ಅಲ್ಲ ಡಾಕ್ಟ್ರೇ, ನಿಜ.”

“ಅದನ್ನೇ ನಾನೂ ಹೇಳ್ತಿರೋದು,” ಎಂದರು ಡಾಕ್ಟರು ಕಣ್ಣೊರೆಸಿಕೊಂಡು.

ನಂಬಿದವರು ಅಧಿಕಾರಿ ಒಬ್ಬರೇ. ಮಂಡಿಯ ಧೂಳು ಕೊಡವಿಕೊಂಡು ಎದ್ದರು. “ಸುಳ್ಳು ಹೇಳಿದೆ ಅಂತ ತಾನಾಗಿ ಒಪ್ಪಿಕೊಂಡವರನ್ನ ಈ ಅಂಗಳದಲ್ಲಿ ಇವತ್ತೇ ನೋಡಿದ್ದು. ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ?”

“ನಾನೇ ಮಾಡಿದೆ.”

“ಅರ್ಜಿಯಲ್ಲಿ ಗ್ರಂಥಾಲಯದಲ್ಲಿ ಕೆಲಸ ಅಂತಿದೆ.”

“ಹೌದು. ಕೇಳಿಸ್ಕೊಳ್ಳೋ ಕೆಲಸ.”

ಅಧಿಕಾರಿ ಭಾವಮೈದನ ಬೈಕಿನ ಕಡೆ ಬೆರಳು ತೋರಿಸಿದರು. “ಹಾಗಾದ್ರೆ ಇದರದ್ದೇನು, ಹೇಳಿ.”

ಭಾವಮೈದ ಸ್ಟಾರ್ಟ್ ಮಾಡಿದ. ಟಿಕ್ ಟಿಕ್ ಶುರುವಾಯಿತು. ಮಾಮ ಕಣ್ಣು ಮುಚ್ಚಿ ನಿಂತ. ಎಂಜಿನ್ ಬಿಸಿಯಾಗುವವರೆಗೂ ಹಾಗೇ ನಿಂತ. ಜನ ಒಬ್ಬರ ಕಾಲು ಒಬ್ಬರು ತುಳಿದರೂ ಹಾಂ ಹೂಂ ಎನ್ನಲಿಲ್ಲ.

“ಸದ್ದು ಎಂಜಿನ್ನಿನ ನೆತ್ತಿಯಲ್ಲಿದೆ,” ಎಂದ ಮಾಮ. “ಬಿಸಿಯಾದ್ರೂ ಕಮ್ಮಿ ಆಗ್ತಿಲ್ಲ, ಹಾಗಾಗಿ ಹೊಗೆ ಸೋರ್ತಿಲ್ಲ. ವಾಲ್ವು. ಬಲಗಡೆಯದ್ದು. ಸವೆದು ಬಂದದ್ದಲ್ಲ, ಕೈಯಿಂದ ಸಡಿಲ ಮಾಡಿರೋದು.”

ಹಿಂದೆ ನಿಂತಿದ್ದ ಮೆಕ್ಯಾನಿಕ್ ತಿರುಪುಳಿ ಹಿಡಿದು ಮುಂದೆ ಬಂದ. ಬೈಕು ತಣ್ಣಗಾಗುವ ತನಕ ಎಲ್ಲರೂ ಕಾದರು. ಮುಚ್ಚಳ ತೆಗೆದು ಬಲಗಡೆಯ ತಿರುಪನ್ನು ಬಿಗಿಮಾಡಿ, ಮುಚ್ಚಳ ಹಾಕಿ, “ಈಗ,” ಎಂದ. ಭಾವಮೈದ ಸ್ಟಾರ್ಟ್ ಮಾಡಿದ. ಸಾಧು ಬೈಕು ತನ್ನ ಹಳೆಯ ಸಾಧುತನಕ್ಕೆ ಮರಳಿತ್ತು.

ಅಧಿಕಾರಿ ಎರಡೂ ಗಾಡಿಗಳ ಕಾಗದಕ್ಕೆ ಮುದ್ರೆ ಒತ್ತಿದರು. ಎರಡನೆಯದನ್ನು ಒತ್ತುವಾಗ ಅವರ ಮುಖದ ಬ್ರೇಕು ಕೊಂಚ ಸಡಿಲವಾದದ್ದನ್ನು ಮೊದಲ ಸಾಲಿನವರು ನೋಡಿದರು. “ಮನೇಲಿ ನನ್ನ ಕಾರಿದೆ,” ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. “ತಿರುವಿನಲ್ಲಿ ಮಾತ್ರ ಕಿರ್ ಅನ್ನುತ್ತೆ. ಎಡಕ್ಕೆ ತಿರುಗಿಸಿದ್ರೆ. ನಿಮಗೆ ಯಾವಾಗ ಬಿಡುವು?”

ಅಷ್ಟರಲ್ಲಿ ಮೆಕ್ಯಾನಿಕ್ಕಿನ ಮುಂದೆ ಬೀದಿಯ ಗಾಡಿಗಳೆಲ್ಲ ಸಾಲುಗಟ್ಟಿದ್ದವು. ನಾಡಿ ತೆಗೆಸಿಕೊಳ್ಳುವುದೇ ಈಗಿನ ಪದ್ಧತಿ, ಹಾಕಿಸಿಕೊಂಡು ತಿರುಗುವವರು ಹಿಂದುಳಿದವರು ಎಂದು ಭಾವಮೈದ ಸಾಲಿನುದ್ದಕ್ಕೂ ಘೋಷಿಸುತ್ತಿದ್ದ. ಮೆಕ್ಯಾನಿಕ್ ಕೆಲಸದ ನಡುವೆ ತಲೆ ಎತ್ತಿ, “ಸಾರ್, ಭಾನುವಾರ ಗ್ಯಾರೇಜ್ ಕಡೆ ಬನ್ನಿ. ಒಂದೆರಡು ಗಾಡಿ ಕೇಳೋದಿದೆ,” ಎಂದ. ಈ ಸಲ ಪಿಸುಗುಟ್ಟದೆ, ಎಲ್ಲರೆದುರು ಹೇಳಿದ.

ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. “ಡ್ಯೂಟಿಗೆ ಹೊತ್ತಾಯ್ತು. ಬಸ್ಸು ಹೋಗಿರುತ್ತೆ. ಬಿಡ್ತೀರಾ?”

ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟು ಎಂದರೆ ಗೋಡೆಯ ಮೇಲೆ ಹೂಕುಂಡ ಇಡುವಷ್ಟು ಜಾಗ. ಅವಳು ಅದನ್ನು ಒಮ್ಮೆ ನೋಡಿ, ಕೈಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಹತ್ತಿ ಕೂತಳು. ಜನ ದಾರಿ ಬಿಟ್ಟರು. ಡಾಕ್ಟರು ಗೇಟು ತೆಗೆದು ಹಿಡಿದರು.

ಆಸ್ಪತ್ರೆಯ ದಾರಿ ಸೇತುವೆ ದಾಟಿದ ಮೇಲೆ ನೆಟ್ಟಗಾಗುತ್ತದೆ. ಎರಡೂ ಕಡೆ ಗೋದಾಮಿನ ಗೋಡೆ, ಎದುರಿಗೆ ಖಾಲಿ ರಸ್ತೆ. ಗಾಡಿ ಕೊಂಡಂದಿನಿಂದ ಮಾಮ ಅದನ್ನು ಹೆದರಿ ಹೆದರಿ, ಕಾಯಿಲೆಯವರನ್ನು ನಡೆಸುವ ಹಾಗೆ ಓಡಿಸಿದ್ದ. ಅವತ್ತು ಮೊದಲ ಬಾರಿಗೆ ಮಣಿಕಟ್ಟು ತಿರುಗಿಸಿದ. ಹುಲಿ ಒಮ್ಮೆ ಮೈ ಕೊಡವಿ ಎದ್ದಿತು. ಗಾಳಿ ಎದೆಗೆ ಬಡಿಯಿತು, ಗೋದಾಮುಗಳು ಹಿಂದಕ್ಕೆ ಓಡಿದವು, ಎಂಜಿನ್ ಒಂದೇ ಸ್ವರದಲ್ಲಿ, ಒಂದು ಅಪಸ್ವರವೂ ಇಲ್ಲದೆ ಮೇಲೇರಿತು. ಸೊಂಟ ಬಳಸಿದ್ದ ಹೆಂಡತಿಯ ಕೈಗಳು ಬಿಗಿಯಾದವು. ಅತಿಯಾಯಿತೇನೋ ಎಂದು ಮಾಮ ತಕ್ಷಣ ಮಣಿಕಟ್ಟು ಸಡಿಲಿಸಿದ.

ಹಿಂದಿನಿಂದ ಅವಳು ಮುಂದಕ್ಕೆ ಬಾಗಿ ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿದಳು.

“ಯಾಕೆ ನಿಧಾನ ಮಾಡಿದ್ರಿ?” ಎಂದಳು. “ಇನ್ನೂ ಸ್ವಲ್ಪ ಹೋಗಲಿ.”